ಥರ್ಟಿ-ಆಟ್-ಸಿಕ್ಸ್ ಹಿತ್ತಾಳೆಯಿಂದ ಜಪಾನಿ ರೈಫಲ್‌ಗೆ ಕೇಸ್: 7.7 ಅರಿಸಾಕ ತಯಾರಿಸುವ ಸಮಗ್ರ ಮಾರ್ಗದರ್ಶಿ

ಎರಡನೇ ಮಹಾಯುದ್ಧ ಮುಗಿಸಿ ಮನೆಗೆ ಮರಳಿದ ಅಮೆರಿಕನ್ ಸೈನಿಕರ ಚೀಲಗಳಲ್ಲಿ ಜಪಾನಿ ರೈಫಲ್‌ಗಳು ರಾಶಿ ರಾಶಿ ಬಂದವು. ಈಗ ಅವು ಮೊಮ್ಮಕ್ಕಳ ಪಾಲು. ಪೆನ್ಸಿಲ್ವೇನಿಯಾದ ನಮ್ಮ ಬೀದಿಯಲ್ಲೇ ಅಂಥದ್ದು ಎರಡಿವೆ. ಅದರಲ್ಲೊಂದು ಟೈಪ್ 99. ಪಕ್ಕದ ಮನೆಯಾತ ಅದನ್ನು ಹಳೇ ಕಂಬಳಿಯಲ್ಲಿ ಸುತ್ತಿ ತಂದು, "ಇದಕ್ಕೆ ತೋಟಾ ಎಲ್ಲೂ ಸಿಗ್ತಿಲ್ಲ, ನೀನೇನಾದ್ರೂ ಮಾಡ್ತೀಯಾ?" ಎಂದು ನನ್ನ ಗ್ಯಾರೇಜಿನ ಬೆಂಚಿನ ಮೇಲಿಟ್ಟ. ಅಲ್ಲಿಂದ ಶುರುವಾಯಿತು ಈ ಕಥೆ. ಟೈಪ್ 99ಕ್ಕೆ ಹೊಂದುವುದು 7.7 ಅರಿಸಾಕ ತೋಟಾ. ಥರ್ಟಿ-ಆಟ್-ಸಿಕ್ಸ್, ಅಂದರೆ .30-06 ತೋಟಾ ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆ ಕವಚವನ್ನು (ಅದೇ ಕೇಸ್) 7.7ರ ಅಳತೆಗೆ ತರುವುದೇ ಇಲ್ಲಿನ ಕೆಲಸ.

ಕೆಲಸಕ್ಕಿಳಿಯುವ ಮೊದಲು ಕಾನೂನಿನ ಮಾತು. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟಾ ಮರುತುಂಬಿಸಲು ಫೆಡರಲ್ ಪರವಾನಗಿ ಬೇಡ. ಮಾಡಿ ಮಾರುವುದಾದರೆ ಬೇಕು. ಎಚ್-1ಬಿ ಥರದ ವೀಸಾದಲ್ಲಿರುವ ನಮ್ಮವರು ಇನ್ನೊಂದು ವಿಷಯ ಗಮನಿಸಬೇಕು. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ ಅವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದೇ ಅಪರಾಧ. ಭಾರತದಲ್ಲಂತೂ 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಕೊಡಗಿನವರಿಗೆ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿ ತೋಟಾ ತಯಾರಿಕೆಗೆ ಅನ್ವಯಿಸುವುದಿಲ್ಲ. ಆದ್ದರಿಂದ ಮುಂದಿನದೆಲ್ಲ ಅಮೆರಿಕದಲ್ಲಿ ಕಾನೂನುಬದ್ಧವಾಗಿ ಮರುತುಂಬಿಸುವವರಿಗೆ, ಅದರಲ್ಲೂ ಒಂದಿಷ್ಟು ಕೈ ಪಳಗಿದವರಿಗೆ. ಈವರೆಗೆ ಒಂದು ತೋಟಾವನ್ನೂ ತುಂಬಿಸದವರು ಇಲ್ಲಿಂದ ಆರಂಭಿಸಬೇಡಿ.

ಇನ್ನೂ ಒಂದು ಮಾತು. ನೋರ್ಮಾ, ಹಾರ್ನಡಿ ಕಂಪನಿಗಳು 7.7 ಕೇಸ್ ಮಾಡಿದ್ದುಂಟು. ಅಂಗಡಿಯಲ್ಲಿ ಕಂಡರೆ ಸುಮ್ಮನೆ ಕೊಂಡುಬಿಡಿ. ಕೈಯಾರೆ ಮಾಡುವುದರಲ್ಲಿ ಖುಷಿಯಿದೆ ನಿಜ, ಆದರೆ ಐವತ್ತು ಕೇಸ್‌ಗೆ ಒಂದು ಶನಿವಾರ ಪೂರ್ತಿ ಹೋಗುತ್ತದೆ.

ಯಾವುದರಿಂದ ಯಾವುದು ಆಗುತ್ತದೆ

ಈ ಬರಹದಲ್ಲಿ ಬರುವ ಹೆಸರುಗಳು ಹೀಗೆ: ಕೇಸ್‌ನಲ್ಲಿ ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಟ್ಟಲು) ಕೂರುವ ಕಡೆ ತಳ, ತಳದ ಸುತ್ತ ಅಂಚು, ಅದರ ಮೇಲೆ ಒಡಲು, ಒಡಲು ಸಣ್ಣಗಾಗುವಲ್ಲಿ ಹೆಗಲು, ಗುಂಡು ಹಿಡಿಯುವ ಕಡೆ ಕುತ್ತಿಗೆ.

ಇವುಗಳಲ್ಲಿ ನಾವು ಬದಲಿಸಲಾಗದ್ದು ತಳ ಮಾತ್ರ. ಅಲ್ಲಿ ಹಿತ್ತಾಳೆ ಗಟ್ಟಿ, ದಪ್ಪ, ಮತ್ತು ಹಾಗೇ ಇರಬೇಕು. ಕುತ್ತಿಗೆ ಕಿರಿದಾಗಿಸಬಹುದು, ಹೆಗಲು ಹಿಂದಕ್ಕೆ ತಳ್ಳಬಹುದು, ಉದ್ದ ಕತ್ತರಿಸಬಹುದು. ಹಾಗಾಗಿ ಮೂಲ ಕೇಸ್ ಹುಡುಕುವಾಗ ಮೊದಲು ತಳ ಹೊಂದುತ್ತದೆಯೇ ನೋಡಿ, ಆಮೇಲೆ ಉದ್ದ. ಉದ್ದ ಹೆಚ್ಚಿದ್ದರೆ ಪರವಾಗಿಲ್ಲ, ಕಡಿಮೆಯಿದ್ದರೆ ಆ ಕೇಸ್ ಕೈಬಿಡಿ.

ತಳದ ಅಳತೆಯಲ್ಲಿ ಸುಮಾರು 12 ಮಿಲಿಮೀಟರ್ ಅಂಚಿನದು ಒಂದು ದೊಡ್ಡ ಗೋತ್ರ. 1888ರ ಜರ್ಮನ್ ಸೇನೆಯ ತೋಟಾದಿಂದ ಹಿಡಿದು 7×57 ಮೌಸರ್, 8×57, 7.65 ಅರ್ಜೆಂಟೈನ್, 1906ರ .30-06, 1925ರ .270, ಆಮೇಲೆ ಬಂದ .308, .243 ಎಲ್ಲ ಅದೇ ಗೋತ್ರದವು. 7.7×58 ಅರಿಸಾಕ ಕೂಡ ಅಳತೆಯಲ್ಲಿ ಇದೇ ಮನೆಯದು. 6.5×55 ಸ್ವೀಡಿಷ್ ನೋಡಲು ಹಾಗೇ ಕಂಡರೂ ತಳ ಕೂದಲೆಳೆಯಷ್ಟು ದಪ್ಪ. ದಾಯಾದಿ ಅನ್ನಬಹುದು, ಅಣ್ಣತಮ್ಮ ಅಲ್ಲ.

.30-06ರ ಉದ್ದ 63.35 ಮಿ.ಮೀ. 7.7ರದು 57 ಚಿಲ್ಲರೆ. ಅಮೆರಿಕದ ಯಾವ ಶೂಟಿಂಗ್ ರೇಂಜ್‌ನ ಕಸದ ಡಬ್ಬಿಯಲ್ಲೂ .30-06 ಸಿಗುತ್ತದೆ. ಆಯ್ಕೆ ಮುಗಿಯಿತು.

ಮೊದಲು ಬಂದೂಕನ್ನು ಕೇಳಿ

ಟೈಪ್ 99 ಎಂಬ ಹೆಸರು ಜಪಾನಿ ಪಂಚಾಂಗದ 2599ರಿಂದ ಬಂದದ್ದು, ಅಂದರೆ ನಮ್ಮ 1939. ಬರ್ಮಾದಲ್ಲಿ ಭಾರತೀಯ ಸೈನಿಕರ ಎದುರಿಗಿದ್ದ ಬಂದೂಕುಗಳಲ್ಲಿ ಇದೂ ಒಂದು. ನಮ್ಮ ಮಡಿಕೇರಿಯ ಕೆ.ಎಸ್. ತಿಮ್ಮಯ್ಯನವರು ಅರಾಕಾನ್‌ನಲ್ಲಿ ಹೈದರಾಬಾದ್ ರೆಜಿಮೆಂಟಿನ 8ನೇ ಬಟಾಲಿಯನ್ ಮುನ್ನಡೆಸಿದ್ದು ಇದೇ ಸೇನೆಯ ವಿರುದ್ಧ.

ಈ ರೈಫಲ್‌ಗಳ ಜಾತಕ ನೋಡದೆ ಗುಂಡು ಹಾರಿಸಬೇಡಿ. ಸೈನಿಕ ತರಬೇತಿಗೆಂದು ಮಾಡಿದ, ನೋಡಲು ಇದೇ ಥರ ಕಾಣುವ ಬಂದೂಕುಗಳಿವೆ. ಅವುಗಳ ರಿಸೀವರ್ (ನಳಿಗೆಯ ಹಿಂದಿನ ಲೋಹದ ಮೈ) ಎರಕದ್ದು, ಖಾಲಿ ಮದ್ದಿನ ಶಬ್ದಕ್ಕೆ ಮಾತ್ರ ಮಾಡಿದವು. ನಿಜವಾದ ತೋಟಾ ಹಾಕಿದರೆ ಒಡೆದು ಮುಖಕ್ಕೇ ಬರುತ್ತದೆ. ಯುದ್ಧದ ಕೊನೆಯಲ್ಲಿ ತರಾತುರಿಯಲ್ಲಿ ಮಾಡಿದವೂ ಇವೆ. ಇನ್ನು ಕೆಲವನ್ನು ಆಮೇಲೆ ಯಾರೋ .30-06ಕ್ಕೇ ಕೊರೆಸಿರುತ್ತಾರೆ. ಒಬ್ಬ ಒಳ್ಳೆಯ ಗನ್‌ಸ್ಮಿತ್‌ಗೆ ತೋರಿಸಿ, ಆತ ಸರಿ ಅಂದರಷ್ಟೇ ಮುಂದಿನ ಮಾತು.

ಚೇಂಬರ್, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ, ಯಾವ ಅಳತೆಯದೆಂದು ತಿಳಿಯಲು ಅಚ್ಚು ತೆಗೆಯುವುದೇ ಖಚಿತ ದಾರಿ. ಇದಕ್ಕೆಂದೇ ಸೆರೋಸೇಫ್ ಎಂಬ ಮಿಶ್ರಲೋಹ ಸಿಗುತ್ತದೆ. ಅದು 70ರಿಂದ 88 ಡಿಗ್ರಿ ಸೆಲ್ಸಿಯಸ್‌ನೊಳಗೆ, ಅಂದರೆ ಕುದಿನೀರಿಗಿಂತ ಕಡಿಮೆ ಬಿಸಿಗೇ ಕರಗುತ್ತದೆ. ನಳಿಗೆಯೊಳಗೆ ಬಟ್ಟೆಯ ಬಿರಡೆ ತುರುಕಿ, ಚೇಂಬರ್‌ಗೆ ಹೊಯ್ದು, ಗಟ್ಟಿಯಾದ ಮೇಲೆ ತಳ್ಳಿ ತೆಗೆಯಿರಿ. ಅದು ಮೊದಲು ತುಸು ಕುಗ್ಗಿ, ಸುಮಾರು ಒಂದು ಗಂಟೆಯ ಹೊತ್ತಿಗೆ ಚೇಂಬರ್‌ನ ನಿಜವಾದ ಅಳತೆಗೆ ಮರಳುತ್ತದೆ. ಆಗಲೇ ಅಳೆಯಿರಿ. ಕುತ್ತಿಗೆಯ ಜಾಗದ ಅಳತೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ. ಮುಂದೆ ಬೇಕಾಗುತ್ತದೆ.

ಕೇಸ್ ಆರಿಸುವುದು, ತೊಳೆಯುವುದು

ಒಂದೇ ಕಂಪನಿಯ, ಒಂದೇ ಸಲ ಹಾರಿಸಿದ ಕೇಸ್‌ಗಳನ್ನು ಆರಿಸಿ. ಮಿಲಿಟರಿ ಹಿತ್ತಾಳೆ ದಪ್ಪ, ಅದರೊಳಗೆ ಜಾಗ ಕಡಿಮೆ, ಪ್ರೈಮರ್ ಸುತ್ತ ಅದುಮಿದ ಕ್ರಿಂಪ್ ಬೇರೆ ತೆಗೆಯಬೇಕು. ನಾನು ಸಾಮಾನ್ಯ ಬೇಟೆ ತೋಟಾದ ಕೇಸ್‌ಗಳನ್ನೇ ಆರಿಸಿಕೊಂಡೆ. ಪ್ರತಿಯೊಂದರೊಳಗೂ ತುದಿ ಬಗ್ಗಿಸಿದ ತಂತಿ ಇಳಿಸಿ, ತಳದ ಬಳಿ ಒಳಗೋಡೆಯನ್ನು ಕೆರೆದು ನೋಡಿ. ತಂತಿಯ ತುದಿ ಚಿಕ್ಕ ಹಳ್ಳಕ್ಕೆ ಬಿದ್ದಂತೆ ಅನ್ನಿಸಿದರೆ ಗೋಡೆ ಅಲ್ಲಿ ಸವೆದು ತೆಳುವಾಗಿದೆ. ಅದು ಗುಜರಿಗೆ.

ತೊಳೆಯಲು ಹುಣಸೆಹಣ್ಣು! ನಗಬೇಡಿ. ಹಿತ್ತಾಳೆ ಬಿಂದಿಗೆಗೆ ಅಮ್ಮ ಹುಣಸೆಹಣ್ಣು ತಿಕ್ಕಿದಾಗ ಆಗುತ್ತಿದ್ದದ್ದೇ ಇಲ್ಲೂ ಆಗುವುದು. ಆಮ್ಲ ಕಿಲುಬು ಕರಗಿಸುತ್ತದೆ. ಇಲ್ಲಿನವರು ಬಿಸಿನೀರಿಗೆ ಸಿಟ್ರಿಕ್ ಆಮ್ಲ ಹಾಕುತ್ತಾರೆ, ಅಷ್ಟೇ ವ್ಯತ್ಯಾಸ. ಹೆಚ್ಚು ಹೊತ್ತು ಬಿಟ್ಟರೆ ಸತುವು ಕರಗಿ ಹೋಗಿ ಕೇಸ್ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹತ್ತು ನಿಮಿಷ ಸಾಕು. ಪ್ರೈಮರ್‌ನ ಮಸಿಯಲ್ಲಿ ಸೀಸ ಇರುವುದರಿಂದ ಅಡುಗೆಮನೆ ಪಾತ್ರೆ ಮುಟ್ಟಬೇಡಿ. "ರೀ, ನನ್ನ ಕುಕ್ಕರ್ ಆ ಗ್ಯಾರೇಜಿಗೆ ಹೋದ್ರೆ ವಾಪಸ್ ಮನೆಯೊಳಗೆ ಬರೋ ಹಾಗಿಲ್ಲ, ನೀವೂ ಅಷ್ಟೆ" ಎಂದು ನನ್ನವಳು ಮೊದಲೇ ಹೇಳಿಟ್ಟಿದ್ದಾಳೆ.

ಅಮೋನಿಯ ಇರುವ ಪಾಲಿಶ್ ಮಾತ್ರ ಬೇಡವೇ ಬೇಡ. ಇದರ ಹಿಂದೆ ಭಾರತದ್ದೇ ಒಂದು ಕಥೆಯಿದೆ. ಬ್ರಿಟಿಷರ ಕಾಲದಲ್ಲಿ ಮಳೆಗಾಲ ಬಂತೆಂದರೆ ಸೇನೆಯ ಓಡಾಟ ಕಡಿಮೆಯಾಗಿ ತೋಟಾಗಳನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರು. ಮಳೆ ನಿಂತ ಮೇಲೆ ತೆಗೆದು ನೋಡಿದರೆ ಹಿತ್ತಾಳೆ ಬಿರುಕು ಬಿಟ್ಟಿರುತ್ತಿತ್ತು, ಅದೂ ಗುಂಡನ್ನು ಬಿಗಿಯಾಗಿ ಅದುಮಿದ ಜಾಗದಲ್ಲೇ ಹೆಚ್ಚು. ಕಾರಣ ಬಿಡಿಸಿ ಹೇಳಲು 1921 ಬರಬೇಕಾಯಿತು. ಕುದುರೆಗಂಜಳದ ಅಮೋನಿಯ, ಜೊತೆಗೆ ತಣ್ಣಗೆ ಎಳೆದು ಅದುಮಿದ ಲೋಹದೊಳಗೆ ಉಳಿದುಹೋದ ಬಿಗಿತ, ಎರಡೂ ಸೇರಿದಾಗ ಹಿತ್ತಾಳೆ ಸೀಳುತ್ತದೆ. ನಾವೀಗ ಮಾಡಹೊರಟಿರುವುದೂ ತಣ್ಣಗೆ ಅದುಮುವ ಕೆಲಸವೇ. ಅದಕ್ಕೇ ಮುಂದಿನ ಹಂತವನ್ನು ಬಿಡುವಂತಿಲ್ಲ.

ಹದ ಕಾಯಿಸುವುದು

ಕೇಸ್ ಹಿತ್ತಾಳೆಯಲ್ಲಿ 70 ಪಾಲು ತಾಮ್ರ, 30 ಪಾಲು ಸತುವು. ಬಗ್ಗಿಸಿದಷ್ಟೂ ಗಡುಸಾಗುವುದು ಇದರ ಗುಣ. ಗಡುಸಾದ ಕುತ್ತಿಗೆಯನ್ನು ಡೈಗೆ (ಕೇಸ್ ಅನ್ನು ಅದುಮಿ ಆಕಾರ ಕೊಡುವ ಉಕ್ಕಿನ ಅಚ್ಚು) ನುಗ್ಗಿಸಿದರೆ ಸುಕ್ಕಾಗುತ್ತದೆ, ಇಲ್ಲವೇ ಸೀಳುತ್ತದೆ. ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ. ಇದನ್ನೇ ಇಲ್ಲಿ ಅನೀಲಿಂಗ್ ಅನ್ನುವುದು.

ಮೆತ್ತಗಾಗಬೇಕಾದದ್ದು ಕುತ್ತಿಗೆ ಮತ್ತು ಹೆಗಲು ಮಾತ್ರ. ತಳಕ್ಕೆ ಬಿಸಿ ತಾಗಿ ಅದು ಮೆತ್ತಗಾದರೆ ಆ ಕೇಸ್ ಬಾಂಬಿಗೆ ಸಮ. ಗುಂಡು ಹಾರುವಾಗಿನ ಒತ್ತಡವನ್ನು ಬೋಲ್ಟ್‌ನ (ಚೇಂಬರ್ ಅನ್ನು ಹಿಂದಿನಿಂದ ಮುಚ್ಚುವ ಉಕ್ಕಿನ ಅಗುಳಿ) ಕಡೆ ತಡೆಯುವುದು ಆ ತಳವೇ.

ನಾನು ಮಾಡುವ ಕ್ರಮ ಇದು. ಕೇಸ್‌ಗಿಂತ ತುಸು ಅಗಲದ ಸಾಕೆಟ್ ಅನ್ನು ನಿಧಾನ ತಿರುಗುವ ಡ್ರಿಲ್‌ಗೆ ಸಿಕ್ಕಿಸಿ, ಅದರೊಳಗೆ ಕೇಸ್ ಕೂರಿಸುತ್ತೇನೆ. ಪ್ರೊಪೇನ್ ಟಾರ್ಚ್‌ನ ನೀಲಿ ಜ್ವಾಲೆಯ ತುದಿ ಕುತ್ತಿಗೆ ಮತ್ತು ಹೆಗಲು ಸೇರುವಲ್ಲಿ ಬೀಳಬೇಕು. ಎಷ್ಟು ಸೆಕೆಂಡ್ ಎಂಬುದು ನಿಮ್ಮ ಟಾರ್ಚ್‌ಗೆ ಬಿಟ್ಟದ್ದು, ಐದರಿಂದ ಎಂಟರೊಳಗೆ ಎಲ್ಲೋ ಇರುತ್ತದೆ. ಅಂದಾಜಿಗೆ ಬಿಡಬೇಡಿ. ಗೊತ್ತಾದ ಶಾಖಕ್ಕೆ ಸರಿಯಾಗಿ ಕರಗುವ ಟೆಂಪಿಲಾಕ್ ಎಂಬ ಬಣ್ಣ ಸಿಗುತ್ತದೆ. ಕುತ್ತಿಗೆಯೊಳಗೆ 750 ಡಿಗ್ರಿ ಫ್ಯಾರನ್‌ಹೀಟ್‌ನದು (ಸುಮಾರು 400 ಸೆಲ್ಸಿಯಸ್), ಹೆಗಲಿನಿಂದ ಬೆರಳಗಲ ಕೆಳಗೆ 450ರದು (ಸುಮಾರು 230 ಸೆಲ್ಸಿಯಸ್) ಹಚ್ಚಿ. ಮೇಲಿನದು ಕರಗಬೇಕು, ಕೆಳಗಿನದು ಕರಗಬಾರದು. ಎರಡು ಮೂರು ಕೇಸ್ ಹೀಗೆ ನೋಡಿಕೊಂಡರೆ ನಿಮ್ಮ ಸೆಕೆಂಡಿನ ಲೆಕ್ಕ ಸಿಕ್ಕಿಬಿಡುತ್ತದೆ, ಆಮೇಲೆ ಮನಸ್ಸಿನಲ್ಲೇ ಎಣಿಸುತ್ತಾ ಹೋಗಬಹುದು.

ಬೆಳಕು ಮಂದ ಮಾಡಿಕೊಂಡು ಕೂತರೆ ಇನ್ನೂ ಒಳ್ಳೆಯದು. ಕುತ್ತಿಗೆಯ ತುದಿಯಲ್ಲಿ ಕೆಂಪು ಕಂಡೂ ಕಾಣದ ಹಾಗೆ ಸುಳಿಯುವಷ್ಟರಲ್ಲಿ ಜ್ವಾಲೆ ಪಕ್ಕಕ್ಕೆ ತೆಗೆಯಿರಿ. ಕೆಂಡದಂತೆ ಹೊಳೆದರೆ ಹದ ಮೀರಿತು, ಆ ಕೇಸ್ ಬಿಸಾಡಿ. ಬಿಸಿ ಕೇಸ್ ಅನ್ನು ನಾನು ನೀರಿನ ಬಕೆಟ್‌ಗೆ ಬೀಳಿಸುತ್ತೇನೆ. ಉಕ್ಕಿನ ಹಾಗೆ ಹಿತ್ತಾಳೆ ನೀರಿಗೆ ಬಿದ್ದು ಗಡುಸಾಗುವುದಿಲ್ಲ. ಬಿಸಿ ತಳಕ್ಕೆ ಇಳಿಯದಿರಲಿ ಎಂದಷ್ಟೇ ನೀರು.

ಪರೀಕ್ಷೆ ಸುಲಭ. ಇಕ್ಕಳದಲ್ಲಿ ಕುತ್ತಿಗೆಯ ತುದಿಯನ್ನು, ಅಂದರೆ ಕೇಸ್‌ನ ಬಾಯಿಯನ್ನು ಒಂಚೂರು ಒತ್ತಿ ಬಿಡಿ. ಕಾಯಿಸದ್ದು ಟಕ್ಕೆಂದು ಹಿಂದಕ್ಕೆ ಹಾರುತ್ತದೆ. ಸರಿಯಾದದ್ದು ಸ್ವಲ್ಪ ಮಟ್ಟಿಗೆ ಮರಳುತ್ತದೆ. ಹದ ಮೀರಿದ್ದು ಚಪಾತಿ ಹಿಟ್ಟಿನ ಹಾಗೆ ಒತ್ತಿದಲ್ಲೇ ಉಳಿಯುತ್ತದೆ.

ಕತ್ತರಿಸಿ, ಅದುಮಿ

ಸುಮಾರು 59.5 ಮಿ.ಮೀ.ಗೆ ಕತ್ತರಿಸಿ. ನಿಜವಾದ ಅಳತೆಗಿಂತ ಇದು ಉದ್ದ, ಆದರೆ ಅದುಮುವಾಗ ಬಾಯಿ ಓರೆಕೋರೆಯಾಗುವುದರಿಂದ ಸ್ವಲ್ಪ ಉಳಿಸಿಕೊಳ್ಳಬೇಕು. ಚಿಕ್ಕ ಕತ್ತರಿಸುವ ಯಂತ್ರವೋ ಸಣ್ಣ ಹಲ್ಲಿನ ಹ್ಯಾಕ್ಸಾ ಗರಗಸವೋ ಯಾವುದಾದರೂ ಆದೀತು. ಕೇಸ್ ಅಲುಗಾಡದಂತೆ ಮರದ ಅಚ್ಚೊಂದು ಮಾಡಿಕೊಂಡರೆ ಎಲ್ಲವೂ ಒಂದೇ ಉದ್ದಕ್ಕೆ ಬರುತ್ತವೆ. ಒಳಗೂ ಹೊರಗೂ ಎದ್ದ ಚೂಪು ಅಂಚನ್ನು ಕೆರೆದು ತೆಗೆಯಿರಿ.

ಈಗ ಪ್ರೆಸ್‌ಗೆ (ಹಿಡಿಯಿಂದ ಕೇಸ್ ಅನ್ನು ಡೈಯೊಳಗೆ ಒತ್ತುವ ಯಂತ್ರ) 7.7ರ ಫುಲ್ ಲೆಂತ್ ಡೈ, ಅಂದರೆ ಇಡೀ ಕೇಸ್ ಅನ್ನು ಅದುಮುವಂಥದ್ದು. ಅದರೊಳಗಿನ ಕಡ್ಡಿಯನ್ನು, ಅಂದರೆ ಪ್ರೈಮರ್ ತಳ್ಳುವ ಪಿನ್ ಮತ್ತು ಕುತ್ತಿಗೆ ಅಗಲಿಸುವ ಗುಂಡಿ ಎರಡನ್ನೂ ತೆಗೆದುಬಿಡಿ. ಕೇಸ್‌ನ ಅಂಚು ಹಿಡಿದುಕೊಳ್ಳಲು .30-06ರ ಶೆಲ್ ಹೋಲ್ಡರೇ ಇಲ್ಲೂ ಸಾಕು.

ಎಣ್ಣೆ ಹಚ್ಚುವುದರಲ್ಲಿ ನಾನು ಎರಡು ತಪ್ಪನ್ನೂ ಮಾಡಿದ್ದೇನೆ. ಮೊದಲ ಕೇಸ್‌ಗೆ ಕಡಿಮೆಯಾಗಿ ಡೈಯೊಳಗೆ ಕಚ್ಚಿಕೊಂಡಿತು. ಜೋರಾಗಿ ಎಳೆದೆ, ಅಂಚು ಕಿತ್ತು ಬಂತು, ಕೇಸ್ ಒಳಗೇ ಉಳಿಯಿತು. ತಳಕ್ಕೆ ರಂಧ್ರ ಕೊರೆದು, ತಿರುಪಿನ ಸುತ್ತು ಕೊರೆದು, ತಿರುಪುಮೊಳೆ ಹಾಕಿ ಎಳೆಯುವಷ್ಟರಲ್ಲಿ ರಾತ್ರಿ ಹನ್ನೊಂದು. ಮರುದಿನ ಹೆದರಿಕೆಯಿಂದ ಧಾರಾಳವಾಗಿ ಬಳಿದೆ. ಹೆಗಲಿನಲ್ಲಿ ಎಣ್ಣೆ ಸಿಕ್ಕಿಕೊಂಡು ಹತ್ತು ಕೇಸ್‌ಗಳಿಗೂ ಬೆರಳಲ್ಲಿ ಒತ್ತಿದ ಹಾಗೆ ತಗ್ಗು. ಈಗ ಇಂಪೀರಿಯಲ್ ಮೇಣ ಬಳಸುತ್ತೇನೆ. ಒಡಲಿಗೆ ತೆಳ್ಳಗೆ, ಎರಡು ಬೆರಳಲ್ಲಿ ಉಜ್ಜಿ ಹೊಳಪು ಬರುವಷ್ಟು. ಹೆಗಲಿಗೆ ಏನೂ ಬೇಡ, ಬೆರಳಿಗಂಟಿದ್ದೇ ಸಾಕು.

ಪ್ರೆಸ್‌ನ ಹಿಡಿಯನ್ನು ಒಂದೇ ಉಸಿರಿಗೆ ಇಳಿಸಬೇಡಿ. ಸ್ವಲ್ಪ ಇಳಿಸಿ, ಹಿಂದೆ ಬಿಟ್ಟು, ಕೇಸ್ ಕಾಲು ಸುತ್ತು ತಿರುಗಿಸಿ, ಮತ್ತೆ ಇಳಿಸಿ. ಮೂರು ನಾಲ್ಕು ಸಲಕ್ಕೆ ಹಳೆಯ ಹೆಗಲು ಕರಗಿ, ಅದರ ಕೆಳಗೆ ಹೊಸದು ಮೂಡುತ್ತದೆ. ಸಾಕಷ್ಟು ಕಾಯಿಸಿದ ಹಿತ್ತಾಳೆಯಾದರೆ ಹಿಡಿಯಲ್ಲಿ ಆ ಮೆತ್ತನೆ ಗೊತ್ತಾಗುತ್ತದೆ. ಕರಕರ ಎಂದರೆ ಅಲ್ಲೇ ನಿಲ್ಲಿಸಿ, ಇನ್ನಷ್ಟು ಮೇಣ ಹಚ್ಚಿ.

ಹೆಗಲು ಎಷ್ಟು ಹಿಂದಕ್ಕೆ

ಅಂಚು ಹೊರಚಾಚಿರದ ಇಂಥ ತೋಟಾ ಚೇಂಬರ್‌ನಲ್ಲಿ ನಿಲ್ಲುವುದು ಹೆಗಲಿನ ಆಧಾರದ ಮೇಲೆ. ಹೆಗಲನ್ನು ಅತಿಯಾಗಿ ತಳ್ಳಿದರೆ ಕೇಸ್ ಮುಂದೆ ಜಾರಿ ಕೂರುತ್ತದೆ. ಹಾರಿಸಿದಾಗ ಮುಂಭಾಗ ಗೋಡೆಗೆ ಕಚ್ಚಿ, ತಳ ಹಿಂದಕ್ಕೆ ಜಗ್ಗಿ, ನಡುವೆ ಹಿತ್ತಾಳೆ ಹರಿಯುತ್ತದೆ. ಆದ್ದರಿಂದ ಡೈಯನ್ನು ಮೊದಲು ಪೂರ್ತಿ ಇಳಿಸಬೇಡಿ. ಒಂದೂವರೆ ಸುತ್ತು ಮೇಲಿಟ್ಟು ಶುರು ಮಾಡಿ, ಪ್ರತಿ ಸಲ ಸುತ್ತಿನ ಎಂಟನೇ ಒಂದು ಪಾಲು ಇಳಿಸುತ್ತಾ ಬನ್ನಿ. ಡೈಯ ತಿರುಪು ಇಂಚಿಗೆ 14 ಸುತ್ತಿನದು, ಹಾಗಾಗಿ ಎಂಟನೇ ಒಂದು ಪಾಲೆಂದರೆ ಸುಮಾರು 0.23 ಮಿ.ಮೀ. ಹತ್ತಿರವಾದಂತೆ ಅದಕ್ಕೂ ಕಡಿಮೆ. ಪ್ರತಿ ಸಲವೂ ಮೇಣ ಒರೆಸಿ, ಖಾಲಿ ಕೇಸ್ ಅನ್ನು ಚೇಂಬರ್‌ಗೆ ಹಾಕಿ ಬೋಲ್ಟ್ ಮುಚ್ಚಿ ನೋಡಿ.

ಇಲ್ಲಿ ಅರಿಸಾಕದ್ದೇ ಒಂದು ತೊಡಕಿದೆ. ಇದರ ಸ್ಪ್ರಿಂಗ್ ಬಿಗಿಯಾಗುವುದು ಬೋಲ್ಟ್ ಮುಚ್ಚುವಾಗ. ಆ ಬಿಗಿಯಲ್ಲಿ ಕೇಸ್‌ನ ತಡೆ ಯಾವುದು, ಸ್ಪ್ರಿಂಗ್‌ನದು ಯಾವುದು ಎಂದು ಕೈಗೆ ತಿಳಿಯುವುದಿಲ್ಲ. ಪುಣ್ಯಕ್ಕೆ ಬಿಚ್ಚುವುದು ಸುಲಭ. ಬೋಲ್ಟ್ ಹೊರಗೆ ತೆಗೆದು, ಹಿಂದಿನ ದುಂಡನೆ ಸೇಫ್ಟಿ ಗುಂಡಿಯನ್ನು ಅಂಗೈಯಲ್ಲಿ ಒತ್ತಿ ತಿರುಗಿಸಿದರೆ ಸ್ಪ್ರಿಂಗ್, ಸ್ಟ್ರೈಕರ್ (ಪ್ರೈಮರ್‌ಗೆ ಬಡಿಯುವ ಸೂಜಿ) ಎಲ್ಲ ಕೈಗೆ ಬರುತ್ತವೆ. ಬರೀ ಬೋಲ್ಟ್ ಹಾಕಿ ಮುಚ್ಚಿ. ಹಿಡಿ ಕೊನೆಯಲ್ಲಿ ಒಂಚೂರು ತಡೆದು ಕೆಳಗೆ ಕೂತರೆ ಅದೇ ಸರಿಯಾದ ಜಾಗ. ಡೈಯ ಬೀಗದ ಉಂಗುರ ಬಿಗಿ ಮಾಡಿ. ಯಾವ ತಡೆಯೂ ಇಲ್ಲದೆ ತಾನೇ ಬಿದ್ದರೆ ಹೆಚ್ಚು ತಳ್ಳಿದಿರಿ ಎಂದರ್ಥ, ಆ ಕೇಸ್ ಬದಿಗಿಡಿ.

ಕುತ್ತಿಗೆಯ ದಪ್ಪ

ಇಷ್ಟು ಮಾಡಿ ಕೇಸ್ ಕೈಯಲ್ಲಿ ಹಿಡಿದರೆ ಥೇಟ್ 7.7. ಹೆಚ್ಚಿನವರು ಇಲ್ಲಿಗೇ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ನನಗೆ ಇಡೀ ಕೆಲಸದಲ್ಲಿ ಭಯ ಇರುವುದು ಈ ಹಂತದ ಮೇಲೆ, ಯಾಕೆಂದರೆ ತಪ್ಪು ಕಣ್ಣಿಗೆ ಕಾಣುವುದಿಲ್ಲ.

ಹೊಸ ಕುತ್ತಿಗೆಯ ಕೆಳಭಾಗ ಮೊದಲು ಹೆಗಲಾಗಿತ್ತು. ಅಲ್ಲಿನ ಹಿತ್ತಾಳೆ ದಪ್ಪ, ಅದನ್ನು ಕಿರಿದಾಗಿಸಿದಾಗ ಇನ್ನೂ ದಪ್ಪ. ಗುಂಡು ಕೂರಿಸಿದ ಮೇಲೆ ಆ ಕುತ್ತಿಗೆ ಚೇಂಬರ್ ಗೋಡೆಗೆ ತಾಗಿಕೊಂಡಿದ್ದರೆ ಹಿಗ್ಗಲು ಜಾಗವಿಲ್ಲ, ಗುಂಡನ್ನು ಬಿಡುವುದಿಲ್ಲ, ಒತ್ತಡ ಎಲ್ಲಿಗೋ ಏರುತ್ತದೆ.

ಕಡ್ಡಿಯನ್ನು ಡೈಗೆ ಮರಳಿ ಹಾಕಿ ಕುತ್ತಿಗೆ ಅಗಲಿಸಿ. 7.7ರ ಗುಂಡು ಇಂಚಿನ ಲೆಕ್ಕದಲ್ಲಿ .311ರಿಂದ .312, ಅಂದರೆ .303 ಬ್ರಿಟಿಷ್‌ಗೆ ಹಾಕುವಂಥದ್ದೇ. .30-06ರ .308 ಗುಂಡು ಇದರಲ್ಲಿ ಸಡಿಲ. ಮದ್ದು, ಪ್ರೈಮರ್ ಏನೂ ಇಲ್ಲದ ಒಂದು ಕೇಸ್‌ಗೆ ಗುಂಡು ಕೂರಿಸಿ, ಕುತ್ತಿಗೆಯ ಹೊರ ಅಳತೆಯನ್ನು ಮೈಕ್ರೋಮೀಟರ್‌ನಲ್ಲಿ ಮೇಲೆ, ನಡುವೆ, ಕೆಳಗೆ ಮೂರು ಕಡೆ ತೆಗೆದುಕೊಳ್ಳಿ. ಗೋಡೆಯ ಮೇಲೆ ಬರೆದಿಟ್ಟ ಚೇಂಬರ್ ಅಳತೆಗಿಂತ ಇದು ಕನಿಷ್ಠ 0.05 ಮಿ.ಮೀ. ಕಡಿಮೆ ಇರಬೇಕು. ಇಲ್ಲದಿದ್ದರೆ ಕುತ್ತಿಗೆಯ ಹೊರಮೈ ಹೆರೆಯುವ ಉಪಕರಣದಲ್ಲಿ ತಿರುಗಿಸಿ ತೆಳು ಮಾಡಿ, ಅಥವಾ ಒಳಗೆ ರೀಮರ್ (ರಂಧ್ರದ ಒಳಮೈ ಹೆರೆಯುವ ಉಪಕರಣ) ಹಾಯಿಸಿ. ಒಳಗಡೆ ಹೆಗಲು ಸೇರುವಲ್ಲಿ ಉಂಗುರದಂಥ ಉಬ್ಬು ಎದ್ದಿದ್ದರೆ ಅದಕ್ಕೆ ರೀಮರೇ ಮದ್ದು. ನನ್ನ ಪಕ್ಕದ ಮನೆಯಾತನ ರೈಫಲ್‌ನ ಚೇಂಬರ್ ಯುದ್ಧಕಾಲದ್ದು, ಸಡಿಲ, ಹಾಗಾಗಿ ಏನೂ ಕೆರೆಯಬೇಕಾಗಲಿಲ್ಲ. ಆದರೂ ಒಂದೊಂದನ್ನೂ ಅಳೆದೆ.

ಕೊನೆಗೆ ನಿಮ್ಮ ಲೋಡಿಂಗ್ ಕೈಪಿಡಿ ಹೇಳಿದ ಉದ್ದಕ್ಕೆ ಟ್ರಿಮ್ಮರ್‌ನಲ್ಲಿ ಕತ್ತರಿಸಿ, ಬಾಯಿಯ ಚೂಪು ಕೆರೆಯಿರಿ. ಹೆಸರಿನಲ್ಲಿ 58 ಇದೆಯೆಂದು 58ಕ್ಕೆ ಬಿಡಬೇಡಿ, ಕೈಪಿಡಿಯ ಅಂಕಿ ಅದಕ್ಕಿಂತ ಕಡಿಮೆ. ಇಷ್ಟೆಲ್ಲ ಅದುಮಿದ ಮೇಲೆ ಕುತ್ತಿಗೆಯನ್ನು ಇನ್ನೊಮ್ಮೆ ಕಾಯಿಸಿದರೆ ಒಳಗಿನ ಬಿಗಿತವೂ ಹೋಗುತ್ತದೆ. ಲಾಯದ ಕಥೆ ನೆನಪಿದೆಯಲ್ಲ.

ಮೊದಲ ಹಾರಿಕೆ

ಕೇಸ್‌ಗೆ ಪೂರ್ತಿ ರೂಪ ಬರುವುದು ಚೇಂಬರ್‌ನಲ್ಲೇ, ಮೊದಲ ಸಲ ಹಾರಿಸಿದಾಗ. ಮದ್ದಿನ ಅಳತೆ ನಾನು ಇಲ್ಲಿ ಬರೆಯುವುದಿಲ್ಲ. ಪ್ರಕಟವಾದ ಕೈಪಿಡಿಯಲ್ಲಿ 7.7 ಅರಿಸಾಕಕ್ಕೆ ಕೊಟ್ಟ ಕನಿಷ್ಠ ಪ್ರಮಾಣ ತೆಗೆದುಕೊಳ್ಳಿ, .30-06ರ ಅಂಕಿ ಕಡೆ ಕಣ್ಣೂ ಹಾಯಿಸಬೇಡಿ. ಮಾರ್ಪಡಿಸಿದ ಕೇಸ್‌ನಲ್ಲಿ ಒಳಜಾಗ ಕಡಿಮೆ ಇರುವ ಸಂಭವವಿದೆ, ಅದಕ್ಕೇ ಕನಿಷ್ಠ. ಕನ್ನಡಕ ಹಾಕಿಕೊಂಡು, ಒಂದೊಂದಾಗಿ ಹಾರಿಸಿ, ಪ್ರತಿ ಕೇಸ್ ನೋಡಿದ ಮೇಲೆಯೇ ಮುಂದಿನದು.

ತಳದಿಂದ ಸ್ವಲ್ಪ ಮೇಲೆ ಒಡಲು ತುಸು ಉಬ್ಬಿರುವುದು ಈ ರೈಫಲ್‌ಗಳಲ್ಲಿ ಮಾಮೂಲು, ಅದಕ್ಕೆ ಗಾಬರಿ ಬೇಡ. ಅದೇ ಜಾಗದಲ್ಲಿ ಸುತ್ತಲೂ ಬೆಳ್ಳಗೆ ಹೊಳೆಯುವ ಗೆರೆ ಕಂಡರೆ ಮಾತ್ರ ನಿಲ್ಲಿಸಿ, ತಂತಿ ಇಳಿಸಿ ನೋಡಿ. ಹಾರಿಸಿದ ಕೇಸ್‌ನ ಕುತ್ತಿಗೆಗೆ ಹೊಸ ಗುಂಡೊಂದನ್ನು ಬೆರಳಲ್ಲೇ ಇಳಿಬಿಡಿ. ಸಲೀಸಾಗಿ ಜಾರಿದರೆ ಕುತ್ತಿಗೆಗೆ ಜಾಗವಿದೆ. ತಡೆದರೆ ಉಳಿದ ತೋಟಾಗಳನ್ನು ಹಾರಿಸದೆ ಬಿಚ್ಚಿಬಿಡಿ.

ಇನ್ನು ಡಬ್ಬಿಯ ಮೇಲಿನ ಚೀಟಿ. ಈ ಕೇಸ್‌ಗಳ ತಳದಲ್ಲಿ ಇನ್ನೂ .30-06 ಎಂದೇ ಕೆತ್ತಿದೆ, ಅದನ್ನು ನಂಬಿ ಯಾರಾದರೂ .30-06 ರೈಫಲ್‌ಗೆ ಹಾಕಿದರೆ ಅನಾಹುತ. ನಾನು ಪ್ರತಿ ತಳಕ್ಕೂ ಕೆಂಪು ಮಾರ್ಕರ್ ಬಳಿದು, ಡಬ್ಬಿಯ ನಾಲ್ಕೂ ಬದಿಗೆ "7.7 ಜಪಾನಿ ಮಾತ್ರ" ಎಂದು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದೆ. ಕನ್ನಡ ಯಾಕೆ ಎಂದು ಪಕ್ಕದ ಮನೆಯಾತ ಕೇಳಿದ. ಡಬ್ಬಿ ಒಂದು ವೇಳೆ ನನ್ನ ಮನೆಗೇ ವಾಪಸ್ ಬಂದರೆ ಅಂದೆ.